ಕಾವಡಿ ಹೊತ್ತವರ ಬೆಟ್ಟ

ಸಿಂಗಾಪುರ

ಪ್ರೀತಿಯ ಅಪ್ಪ, ಅವ್ವ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಮೆಟ್ಟಿಲು ಇಳಿಯುವಾಗ ತೊಡೆ ಇನ್ನೂ ಹಿಡಿದುಕೊಳ್ಳುತ್ತೆ, ಅಷ್ಟು ಬಿಟ್ಟರೆ ಬೇರೇನೂ ತೊಂದರೆ ಇಲ್ಲ. ಅವ್ವ, ಫೋಟೋದಲ್ಲಿ ಮುಖ ಕಪ್ಪಾಗಿದೆ ಅಂತ ನೀನು ಗಾಬರಿಯಾಗಬೇಡ. ಅದು ಬಿಸಿಲು ಮತ್ತು ಬೂದಿ.

ಫೋನಿನಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು. "ಬೆಂಕಿ ಉಗುಳೋ ಬೆಟ್ಟದ ಬುಡದಲ್ಲಿ ಜನ ಹೆಂಗವ್ವ ಬಾಳ್ತಾರೆ?" ಅಂತ. ಆಗ ಸರಿಯಾಗಿ ಹೇಳೋಕೆ ಆಗಲಿಲ್ಲ, ಲೈನ್ ಬೇರೆ ಕಟ್ ಆಗುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ.

ಬೆಟ್ಟದ ಹೆಸರು ರಿಂಜಾನಿ. ಇಂಡೋನೇಷ್ಯಾದಲ್ಲಿ ಬಾಲಿ ದ್ವೀಪದ ಪಕ್ಕಕ್ಕೆ ಲೊಂಬೊಕ್ ಅಂತ ಇನ್ನೊಂದು ದ್ವೀಪ ಇದೆ, ಅಲ್ಲಿ. ಇಲ್ಲಿಂದ ವಿಮಾನದಲ್ಲಿ ಮೂರು ಗಂಟೆಯೊಳಗಿನ ದಾರಿ. ಎತ್ತರ 3,726 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಹೆಚ್ಚು ಕಡಿಮೆ ಅದರ ಎರಡರಷ್ಟು. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಮಳೆ ಜೋರು, ಆಗ ದಾರಿ ಮುಚ್ಚಿರುತ್ತಾರೆ. ನಾವು ಹೋದದ್ದು ಒಣಗಾಲದಲ್ಲಿ.

ಗುಂಪಿನಲ್ಲಿ ಬಹಳಷ್ಟು ಜನ ಕನ್ನಡದವರೇ. ಮೈಸೂರು ಕುವೆಂಪುನಗರದ ಅಕ್ಕ ಒಬ್ಬರು, ಕೆ.ಆರ್. ಪೇಟೆ ಹುಡುಗ, ಹಾಸನದ ಗಂಡ ಹೆಂಡತಿ, ನಮ್ಮ ಆಫೀಸಿನ ಮಲಯಾಳಿ ಹುಡುಗಿ. ದಾರಿ ತೋರಿಸೋಕೆ ಅಲ್ಲಿಯವರೇ ಆದ ಗೈಡ್ ಅಣ್ಣ. ಸಾಮಾನು ಹೊರೋಕೆ ಪೋರ್ಟರ್‌ಗಳು. ಲೊಂಬೊಕ್‌ನ ಮೂಲ ಜನಕ್ಕೆ ಸಾಸಕ್ ಅಂತಾರೆ, ಇವರೆಲ್ಲ ಸಾಸಕ್ ಜನ.

ಮೊದಲ ದಿನ ಹೆಚ್ಚಿನ ದಾರಿ ಕಾಡಿನೊಳಗೇ. ಸೆನಾರು ಅನ್ನೋ ಊರಿನಿಂದ ಹೊರಟೆವು. ಊರು ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೆಟ್ಟದ ಬಾಯಿಯ ಅಂಚು ಇರೋದು 2,641 ಮೀಟರ್‌ನಲ್ಲಿ. ನಡುವೆ ಎರಡು ಸಾವಿರ ಮೀಟರ್ ಏರು, ಸಪಾಟು ಅನ್ನೋದೇ ಅಪರೂಪ. ಕಟ್ಟಿದ ಮೆಟ್ಟಿಲಿಲ್ಲ, ಮರದ ಬೇರುಗಳ ಮೇಲೇ ಕಾಲಿಟ್ಟು ಹತ್ತಬೇಕು. ಕೆಲವು ಬೇರು ನನ್ನ ಮಂಡಿ ಎತ್ತರ. ಕೈಯಲ್ಲಿ ಹಿಡಿದು, ಮೈ ಎಳೆದುಕೊಂಡು ಹೋಗಬೇಕು. ಆಲದ ಜಾತಿಯ ಭಾರಿ ಮರಗಳು, ಅವುಗಳ ಮೈಗೆಲ್ಲ ಪಾಚಿ, ಪಾಚಿಯ ಮೇಲೆ ಸಣ್ಣ ಜರೀಗಿಡ. ಬಿಸಿಲು ನೆಲ ಮುಟ್ಟೋದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಮುಂದೆ ಹೋಗುವವರ ಬ್ಯಾಗಿನ ಬಣ್ಣ ಮಾತ್ರ ಕಾಣುತ್ತಿತ್ತು, ಮನುಷ್ಯರು ಕಾಣುತ್ತಿರಲಿಲ್ಲ. ಕೂತು ತಿನ್ನುವ ಜಾಗದಲ್ಲೆಲ್ಲ ಕೋತಿಗಳು ಕಾದಿರುತ್ತವೆ. ಹಾಸನದವರ ಬಿಸ್ಕತ್ತಿನ ಪ್ಯಾಕೆಟ್ ಒಂದು ಹೋಯಿತು.

ಎಲ್ಲರೂ ಶಿಖರ ಶಿಖರ ಅಂತಾರೆ. ನನಗೆ ಆ ಕಾಡೇ ಜಾಸ್ತಿ ಹಿಡಿಸಿತು. ಮತ್ತೆ ಹೋಗುವುದಾದರೆ ಕಾಡಿಗಾಗಿಯೇ ಹೋಗುತ್ತೇನೆ.

ಈಗ ಪೋರ್ಟರ್‌ಗಳ ವಿಷಯ. ಈ ಪತ್ರ ಬರೆಯೋಕೆ ಕೂತದ್ದೇ ಮುಖ್ಯವಾಗಿ ಇದಕ್ಕೆ. ಅವರು ಬೆನ್ನಿಗೆ ಬ್ಯಾಗ್ ಹಾಕಿಕೊಳ್ಳೋದಿಲ್ಲ. ಬಿದಿರಿನ ಕಾವಡಿ. ಎರಡೂ ತುದಿಗೆ ಬುಟ್ಟಿ. ಟೆಂಟು, ಅಕ್ಕಿ, ತರಕಾರಿ, ಮೊಟ್ಟೆ, ನೀರು, ಗ್ಯಾಸ್ ಸ್ಟವ್, ಪಾತ್ರೆ ಎಲ್ಲವೂ ಅದರಲ್ಲೇ. ಕಾಲಿಗೆ ರಬ್ಬರ್ ಚಪ್ಪಲಿ. ನಾವು ದುಬಾರಿ ಶೂ ಹಾಕಿಕೊಂಡು ಏದುಸಿರು ಬಿಡುತ್ತಾ ನಿಂತರೆ, ಅವರು ಪಕ್ಕದಲ್ಲೇ ಮೇಲಕ್ಕೆ ಹೋಗಿಬಿಡುತ್ತಾರೆ. ನಾವು ಸೇರೋ ಹೊತ್ತಿಗೆ ಟೆಂಟು ಎದ್ದು ನಿಂತಿರುತ್ತೆ, ಶುಂಠಿ ಹಾಕಿದ ಟೀ ಕುದಿಯುತ್ತಿರುತ್ತೆ.

ಒಬ್ಬರು ಕಾವಡಿ ಇಳಿಸಿ ಪಕ್ಕದಲ್ಲಿ ಕೂತಾಗ ಹತ್ತಿರದಿಂದ ನೋಡಿದೆ. ಬಿದಿರಿನ ನಡುಭಾಗ ಹೆಗಲು ತಾಗಿ ತಾಗಿ ನುಣುಪಾಗಿ ಹೊಳೆಯುತ್ತಿತ್ತು, ಬೆವರಿಗೆ ಬಣ್ಣವೂ ಗಾಢವಾಗಿತ್ತು. ಅವರ ಹೆಗಲ ಮೇಲೆ, ಕತ್ತಿನ ಬುಡಕ್ಕೆ, ನಿಂಬೆಹಣ್ಣಿನ ಗಾತ್ರದ ಗಟ್ಟಿ ಗಂಟು. ಎರಡೂ ಕಡೆ ಇತ್ತು. ಮುಟ್ಟಿದರೆ ನೋವಾಗಲ್ಲ ಅಂತ ನಕ್ಕರು. ವಯಸ್ಸು ಅಪ್ಪನಿಗಿಂತ ಒಂದೆರಡು ವರ್ಷ ಕಡಿಮೆ ಇರಬಹುದು. ಮನೆಯಲ್ಲಿ ಏನು ಕೆಲಸ ಅಂತ ಗೈಡ್ ಅಣ್ಣನ ಮೂಲಕ ಕೇಳಿದೆ. ಗದ್ದೆ ಇದೆ, ಭತ್ತ ಹಾಕುತ್ತೇವೆ, ಮಳೆಗಾಲದಲ್ಲಿ ಬೆಟ್ಟ ಮುಚ್ಚಿದಾಗ ಪೂರ್ತಿ ಗದ್ದೆ ಕೆಲಸವೇ ಅಂದರು. ನಮ್ಮ ಅಪ್ಪನೂ ಭತ್ತ, ಕಬ್ಬು ಬೆಳೆಯುತ್ತಾರೆ ಅಂದೆ. ತಕ್ಷಣ ಅವರು ಕೇಳಿದ್ದು, "ನೀರು ಎಲ್ಲಿಂದ?" ಅಂತ! ವಿ.ಸಿ. ನಾಲೆಯ ಕಥೆ ಎಲ್ಲ ಹೇಳಿದೆ. ಅರ್ಧ ಗಂಟೆ ಅದೇ ಮಾತಾಯಿತು.

ಸಾಯಂಕಾಲ ಅಂಚಿಗೆ ಬಂದು ನಿಂತೆವು. ಕೆಳಗೆ ಕಣ್ಣು ಹಾಯುವಷ್ಟೂ ದೂರ ದೊಡ್ಡ ಕುಳಿ. ಕುಳಿಯೊಳಗೆ ಸೆಗಾರಾ ಅನಾಕ್ ಅನ್ನೋ ಕೆರೆ. ಕೆರೆಯ ಪಕ್ಕಕ್ಕೆ ಕಪ್ಪು ಗುಡ್ಡ, ಹೆಸರು ಬಾರುಜಾರಿ. ಈಗ ಬೆಂಕಿ ಉಗುಳೋದು ಅದೇ. 2015ರಲ್ಲಿ ಅದರ ಬೂದಿಯಿಂದ ಬಾಲಿಯ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಗಿತ್ತು. ಮರುವರ್ಷವೂ ಸಿಡಿದಿತ್ತು.

ಆ ಕುಳಿ ಆದದ್ದು 1257ರಲ್ಲಿ. ಮೊದಲು ಅಲ್ಲಿ ರಿಂಜಾನಿಗಿಂತಲೂ ಎತ್ತರದ ಸಮಾಲಾಸ್ ಅನ್ನೋ ಬೆಟ್ಟ ಇತ್ತು. ಆ ವರ್ಷ ಅದು ಸಿಡಿದು ಕುಸಿಯಿತು. ಬೂದಿ ಆಕಾಶಕ್ಕೆ 40 ಕಿಲೋಮೀಟರ್ ಎತ್ತರ ಹೋಯಿತಂತೆ. ಅದರ ಗಂಧಕ ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಸಿಕ್ಕಿದೆ, ಭೂಮಿಯ ಆ ತುದಿ ಅಂಟಾರ್ಕ್ಟಿಕಾದ ಹಿಮದಲ್ಲೂ ಸಿಕ್ಕಿದೆ. ವಿಜ್ಞಾನಿಗಳಿಗೆ ಆ ಗಂಧಕ ಗೊತ್ತಿತ್ತು. ಯಾವ ಬೆಟ್ಟದ್ದು ಅಂತ ಬಹಳ ಕಾಲ ಗೊತ್ತಾಗಿರಲಿಲ್ಲ. ಫ್ರಾನ್ಸಿನ ಫ್ರಾಂಕ್ ಲವೀನ್ ಮತ್ತು ಅವರ ಜೊತೆಗಾರರು ಈ ಬೆಟ್ಟದ್ದೇ ಅಂತ 2013ರಲ್ಲಿ ತೋರಿಸಿಕೊಟ್ಟರು. ಅವರಿಗೆ ನೆರವಾದದ್ದರಲ್ಲಿ ಲೊಂಬೊಕ್‌ನವರು ತಾಳೆಗರಿಯಲ್ಲಿ ಬರೆದಿಟ್ಟ ಹಳೆಯ ಬರಹವೂ ಒಂದು. ಬೆಟ್ಟ ಕುಸಿದದ್ದು, ಪಮಾತಾನ್ ಅನ್ನೋ ಪಟ್ಟಣ ಹಾಳಾದದ್ದು ಅದರಲ್ಲಿದೆ. ಆ ಪಟ್ಟಣ ಈಗಲೂ ಎಲ್ಲೋ ಬೂದಿಯ ಕೆಳಗೇ ಇದೆ.

ಅವ್ವ, ಸೋಮನಾಥಪುರದ ಕೇಶವ ದೇವಸ್ಥಾನ 1258ರದ್ದು. ನೀನು ನನ್ನ ಕೈ ಹಿಡಿದು ಗೋಡೆಯ ಆನೆಸಾಲು ತೋರಿಸುತ್ತಿದ್ದೆಯಲ್ಲ, ಅದೇ. ನಮ್ಮ ಶಿಲ್ಪಿಗಳು ಉಳಿ ಹಿಡಿದು ಕೂತಿದ್ದ ಕಾಲಕ್ಕೇ ಇಲ್ಲಿ ಒಂದು ಪಟ್ಟಣ ಮಣ್ಣಾಯಿತು. ಅಂಚಿನ ಮೇಲೆ ನಿಂತು ಇದನ್ನು ಲೆಕ್ಕ ಹಾಕಿದಾಗ ಮೈ ಜುಮ್ಮೆಂದಿತು. ಪಕ್ಕದಲ್ಲಿದ್ದ ಮೈಸೂರಿನ ಅಕ್ಕನಿಗೂ ಹೇಳಿದೆ, ಅವರೂ ಸುಮ್ಮನಾದರು.

ಮರುದಿನ ಕುಳಿಯೊಳಗೆ ಇಳಿದು ಕೆರೆ ಹತ್ತಿರ ಟೆಂಟು ಹಾಕಿದೆವು. ಇಳಿಯೋದು ಹತ್ತುವುದಕ್ಕಿಂತ ಕಷ್ಟ, ಒಂದೊಂದು ಕಡೆ ಬಂಡೆಗೆ ಮುಖ ಮಾಡಿ ಹಿಂದು ಹಿಂದಕ್ಕೆ ಕಾಲಿಡಬೇಕು. ಆ ಕೆರೆ ಇರೋದೇ ಸುಮಾರು 2,000 ಮೀಟರ್ ಎತ್ತರದಲ್ಲಿ, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೇಲೆ. ಪಕ್ಕದಲ್ಲೇ ಬಿಸಿನೀರಿನ ಬುಗ್ಗೆ ಇದೆ. ಮೈ ಕೈ ನೋವಿಗೆ ಒಳ್ಳೇದು ಅಂತ ಅಲ್ಲಿನ ಜನ ದೂರದಿಂದ ಬಂದು ಸ್ನಾನ ಮಾಡುತ್ತಾರೆ. ನಾವೂ ಕೂತೆವು, ಏಳೋಕೆ ಮನಸ್ಸೇ ಬರಲಿಲ್ಲ.

ಅವ್ವನಿಗೆ ಹಿಡಿಸೋ ಸಂಗತಿ ಒಂದಿದೆ. ಬಾಲಿ ಮೂಲದ ಹಿಂದೂಗಳು ವರ್ಷಕ್ಕೊಮ್ಮೆ ಆ ಕಾಡು ಹತ್ತಿ ಬಂದು ಈ ಕೆರೆಗೆ ಪೂಜೆ ಮಾಡುತ್ತಾರೆ. ಪೆಕೆಲೆಮ್ ಅಂತ ಕರೆಯುತ್ತಾರೆ. ಚಿನ್ನದ ಸಣ್ಣ ಸಣ್ಣ ವಸ್ತು ಮಾಡಿಸಿ ನೀರಿಗೆ ಬಿಡುತ್ತಾರೆ, ಮಳೆ ಬೆಳೆ ಚೆನ್ನಾಗಿ ಆಗಲಿ ಅಂತ. ನಮ್ಮ ಕನ್ನಂಬಾಡಿ ಕಟ್ಟೆ ತುಂಬಿದಾಗ ಕಾವೇರಿಗೆ ಬಾಗಿನ ಬಿಡುವ ಹಾಗೆಯೇ. ಸಾಸಕ್ ಜನ ಮುಸ್ಲಿಮರು, ಅವರಿಗೂ ಕೆರೆ ಪವಿತ್ರ.

ಊಟದ್ದು ಏನೂ ತೊಂದರೆಯಾಗಲಿಲ್ಲ. ಅನ್ನ, ತರಕಾರಿ, ಸೋಯಾ ಕಾಳಿನಿಂದ ಮಾಡೋ ತೆಂಪೆ, ಬಾಳೆಹಣ್ಣಿನ ಬೋಂಡ. ನೀನು ಕಳಿಸಿದ್ದ ಹುರಿಟ್ಟು, ಬೆಲ್ಲ ತೆಗೆದುಕೊಂಡು ಹೋಗಿದ್ದೆ. ಬಿಸಿನೀರಿನಲ್ಲಿ ಕಲಸಿ ಎಲ್ಲರಿಗೂ ಕೊಟ್ಟೆ. ಪೋರ್ಟರ್‌ಗಳಿಗೂ. ಕಾವಡಿಯ ಅಣ್ಣ ಎರಡನೇ ಸಲ ಹಾಕಿಸಿಕೊಂಡರು.

ಆ ರಾತ್ರಿ ಗೈಡ್ ಅಣ್ಣ 2018ರ ಕಥೆ ಹೇಳಿದರು. ಜುಲೈ 29ರಂದು ಭೂಮಿ ನಡುಗಿತು, 6.4 ತೀವ್ರತೆ. ಬೆಟ್ಟದ ಗೋಡೆಗಳು ಜರಿದು ದಾರಿ ಮುಚ್ಚಿ, ಐನೂರಕ್ಕೂ ಹೆಚ್ಚು ಜನ ಮೇಲೇ ಸಿಕ್ಕಿಹಾಕಿಕೊಂಡರು. ಪೋರ್ಟರ್‌ಗಳು, ಗೈಡ್‌ಗಳು ಜೊತೆಗೇ ಇದ್ದು ಇದ್ದಬದ್ದ ಅಕ್ಕಿ ಬೇಯಿಸಿ ಹಾಕಿದ್ದರಂತೆ. ಅವರನ್ನೆಲ್ಲ ಇಳಿಸಿದ ಕೆಲವೇ ದಿನಕ್ಕೆ, ಆಗಸ್ಟ್ 5ಕ್ಕೆ, ಇನ್ನೂ ದೊಡ್ಡದು, 6.9. ಉತ್ತರ ಲೊಂಬೊಕ್‌ನಲ್ಲಿ ಸಾವಿರಾರು ಮನೆ ಬಿದ್ದವು, ಐನೂರಕ್ಕೂ ಹೆಚ್ಚು ಜನ ಸತ್ತರು. ಗೈಡ್ ಅಣ್ಣನ ಮನೆಯೂ ಬಿತ್ತು. ಬಹಳ ದಿನ ಟಾರ್ಪಾಲಿನ ಕೆಳಗೆ ಇದ್ದರಂತೆ. ಬೆಟ್ಟ ಮುಚ್ಚಿದ್ದರಿಂದ ದುಡಿಮೆಯೂ ಇಲ್ಲ. "ಊರು ಬಿಟ್ಟು ಹೋಗಬೇಕು ಅನ್ನಿಸಲಿಲ್ವಾ?" ಅಂತ ಕೆ.ಆರ್. ಪೇಟೆ ಹುಡುಗ ಕೇಳಿದ. "ಗದ್ದೆ ಇಲ್ಲೇ ಇದೆಯಲ್ಲ" ಅಂದರು. ಅಷ್ಟೇ ಹೇಳಿದ್ದು.

ಇನ್ನು ಶಿಖರ. ಕೆರೆಯಿಂದ ಆಚೆ ಬದಿಯ ಅಂಚಿಗೆ, ಸೆಂಬಾಲುನ್ ಕಡೆಗೆ, ಹತ್ತಿದೆವು. ಅಲ್ಲಿ ಸರ್ವೆ ಮರಗಳಿವೆ, ಗಾಳಿಗೆ ಸುಯ್ಯೆನ್ನುತ್ತವೆ. ಬೆಳಗಿನ ಜಾವ ಎರಡು ಗಂಟೆಗೆ ತಲೆಗೆ ಲೈಟು ಕಟ್ಟಿಕೊಂಡು ಹೊರಟೆವು. ಕೊನೆಯ ಏರು ಪೂರ್ತಿ ಸಡಿಲ ಜಲ್ಲಿ ಮತ್ತು ಬೂದಿ. ಮೇಲಕ್ಕಿಟ್ಟ ಕಾಲು ಅಲ್ಲಿ ನಿಲ್ಲೋದೇ ಇಲ್ಲ, ಅರ್ಧ ಕೆಳಕ್ಕೆ ಜಾರಿರುತ್ತೆ. ಎರಡೂ ಕಡೆ ಇಳಿಜಾರು, ಚಳಿಗಾಳಿ ಕಿವಿ ಕೊರೆಯುತ್ತೆ. 2025ರ ಜೂನ್‌ನಲ್ಲಿ ಅಲ್ಲಿ ಒಬ್ಬರು ಬಿದ್ದು ತೀರಿಕೊಂಡ ಸುದ್ದಿ ಟಿ.ವಿ.ಯಲ್ಲಿ ನೋಡಿ ಅಪ್ಪ ಬೇಡ ಅಂದಿದ್ದಿರಿ. ಅದು ನಮ್ಮೆಲ್ಲರ ಮನಸ್ಸಿನಲ್ಲೂ ಇತ್ತು. ಅದಕ್ಕೇ ಹೊರಡುವ ಮೊದಲೇ ಒಂದು ಮಾತು ಮಾಡಿಕೊಂಡಿದ್ದೆವು. ಯಾರೂ ಒಬ್ಬರೇ ನಿಲ್ಲಬಾರದು, ಒಬ್ಬರೇ ವಾಪಸ್ ಇಳಿಯಬಾರದು, ಎಲ್ಲರಿಗಿಂತ ನಿಧಾನ ಇರುವವರೇ ಮುಂದೆ ನಡೆಯಬೇಕು. ಮೈಸೂರಿನ ಅಕ್ಕನಿಗೆ ಮಂಡಿ ಹಿಡಿದುಕೊಂಡಿತು, ಅವರು ಮುಂದೆ ನಡೆದರು. ಅರ್ಧಕ್ಕೆ ಬಂದಾಗ ಇನ್ನು ಆಗಲ್ಲ ಅಂದರು. ಆ ಕಾವಡಿ ಅಣ್ಣನೇ ಅವರ ಕೈ ಹಿಡಿದು ಟೆಂಟಿನವರೆಗೆ ಇಳಿಸಿದರು. ನಾವು ಉಳಿದವರು ಶಿಖರ ಸೇರಿದಾಗ ಸೂರ್ಯ ಹುಟ್ಟಿ ಎಷ್ಟೋ ಹೊತ್ತಾಗಿತ್ತು. ಅದಕ್ಕೆ ನನಗೇನೂ ಬೇಜಾರಿಲ್ಲ. ಪಡುವಣಕ್ಕೆ ಬಾಲಿಯ ಅಗುಂಗ್ ಬೆಟ್ಟ, ಮೂಡಣಕ್ಕೆ ಸಮುದ್ರದಾಚೆ ತಂಬೋರಾ. 1815ರಲ್ಲಿ ಸಿಡಿದು ಮರುವರ್ಷ ಯೂರೋಪಿಗೆ ಬೇಸಿಗೆಯೇ ಇಲ್ಲದ ಹಾಗೆ ಮಾಡಿದ್ದು ಆ ತಂಬೋರಾವೇ.

ಕೆಳಗೆ ಸೆಂಬಾಲುನ್‌ಗೆ ಇಳಿದಾಗ ಅಪ್ಪನ ಪ್ರಶ್ನೆಗೆ ಉತ್ತರ ಕಣ್ಣಿಗೇ ಕಂಡಿತು. ಸುತ್ತ ಬೆಟ್ಟ, ನಡುವೆ ಬಯಲು, ಬಯಲಿನ ತುಂಬ ಬೆಳ್ಳುಳ್ಳಿ, ಎಲೆಕೋಸು, ಸ್ಟ್ರಾಬೆರಿ. ಮಣ್ಣು ಕಪ್ಪಗೆ, ಹಗುರ. ಮುಷ್ಟಿ ಹಿಡಿದು ಬಿಟ್ಟರೆ ಉದುರುತ್ತೆ. ಎಷ್ಟೋ ಕಾಲದ ಬೂದಿ ಕರಗಿ ಆದ ಮಣ್ಣು ಅದು. ಅಲ್ಲಿ ಒಬ್ಬ ಹೆಂಗಸು ಬೆಳ್ಳುಳ್ಳಿ ಕಿತ್ತು ಕಂತೆ ಕಟ್ಟುತ್ತಿದ್ದರು. ಒಂದು ಗಡ್ಡೆ ಬಿಡಿಸಿ ನನ್ನ ಕೈಗಿಟ್ಟರು. ವಾಸನೆ ಇನ್ನೂ ನೆನಪಿದೆ. ಅಪ್ಪ, ಪಟ್ಟಣವನ್ನು ನುಂಗಿದ ಬೆಟ್ಟವೇ ಅವರಿಗೆ ಗದ್ದೆ ಕೊಟ್ಟಿದೆ, ನೀರು ಕೊಟ್ಟಿದೆ, ಹೊರೋ ಕೆಲಸವನ್ನೂ ಕೊಟ್ಟಿದೆ. ಅವರು ಅದನ್ನು ಬೈಯೋದನ್ನು ನಾನು ಕೇಳಲಿಲ್ಲ.

ನನಗೆ ಸಿಟ್ಟು ಬಂದದ್ದು ಒಂದಕ್ಕೆ. ಹೊರಗಿನಿಂದ ಬಂದ ಕೆಲವರು ಪೋರ್ಟರ್ ಕೂಲಿಯಲ್ಲಿ ಚೌಕಾಸಿ ಮಾಡುತ್ತಾರೆ. ಟೆಂಟು ಹಾಕುವ ಜಾಗದಲ್ಲಿ ಬಾಟಲಿ, ಪ್ಲಾಸ್ಟಿಕ್ ಬಿಸಾಕಿ ಹೋಗುತ್ತಾರೆ. ಅದನ್ನೂ ಹೊತ್ತು ಕೆಳಗಿಳಿಸೋದು ಅದೇ ಹೆಗಲು. ನಾವು ನಮ್ಮ ಕಸವನ್ನು ನಮ್ಮ ಬ್ಯಾಗಿನಲ್ಲೇ ಇಳಿಸಿದೆವು. ಕೊನೆಯಲ್ಲಿ ಎಲ್ಲರೂ ಸೇರಿ ಅವರಿಗೆ ಮಾತಾಡಿದ್ದಕ್ಕಿಂತ ಜಾಸ್ತಿ ದುಡ್ಡು ಕೊಟ್ಟೆವು. ನನ್ನ ದಪ್ಪ ಜಾಕೆಟ್ಟನ್ನು ಕಾವಡಿ ಅಣ್ಣನಿಗೆ ಕೊಟ್ಟು ಬಂದೆ. ಅವ್ವ, ನೀನು ಬೈಯಲ್ಲ ಅಂತ ಗೊತ್ತು.

ತಮ್ಮ ಮುಂದಿನ ವರ್ಷ ತಾನೂ ಬರ್ತೀನಿ ಅಂತ ಮೆಸೇಜು ಹಾಕಿದ್ದಾನೆ. ಬರಲಿ, ಖುಷಿ. ಆದರೆ ಜಿಮ್ಮಿನ ಫೋಟೋ ಕಳಿಸಿದರೆ ಆಗಲ್ಲ ಅಂತ ಹೇಳಿ. ಮೈಸೂರಲ್ಲೇ ಇದ್ದಾನಲ್ಲ, ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಲಿ. ಬೆನ್ನಿಗೆ ನೀರಿನ ಬಾಟಲಿ ತುಂಬಿದ ಬ್ಯಾಗ್ ಇರಲಿ. ಮೇಲಿಂದ ಬಸ್ಸಿನಲ್ಲಿ ಬರಬಾರದು, ನಡೆದೇ ಇಳಿಯಬೇಕು. ಮಂಡಿಗೆ ಬೇಕಾಗೋದು ಆ ಅಭ್ಯಾಸವೇ. ಊರಿಗೆ ಬಂದಾಗ ಕುಂತಿ ಬೆಟ್ಟಕ್ಕೂ ಹೋಗಿ ಬರಲಿ.

ನಾಲೆಗೆ ನೀರು ಬಿಟ್ಟರಾ? ಕಬ್ಬು ಕಡಿಯೋಕೆ ಆಳು ಸಿಕ್ಕರಾ? ಅಪ್ಪ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ದಸರಾಕ್ಕೆ ರಜೆ ಕೇಳಿದ್ದೇನೆ, ಸಿಕ್ಕ ತಕ್ಷಣ ಟಿಕೆಟ್ ಮಾಡಿಸಿ ಫೋನ್ ಮಾಡುತ್ತೇನೆ. ಹುರಿಟ್ಟು ಖಾಲಿ ಆಗಿದೆ, ಅವ್ವ. ಈ ಸಲ ಸ್ವಲ್ಪ ಜಾಸ್ತಿ ಮಾಡಿಡು, ಹಾಸನದವರೂ ಕೇಳಿದ್ದಾರೆ.

ಇಂತಿ ನಿಮ್ಮ ಪ್ರೀತಿಯ ಮಗಳು