ಸಂಜೆ ಏಳಾದರೆ 100 ಇದ್ದದ್ದು 11 ಆಗುತ್ತದೆ

ಗ್ರಾಹಕ ಸೇವೆಯವರಿಗೆ,
ಚಿಕ್ಕಮಗಳೂರಿನ ಕಲ್ಯಾಣನಗರದಿಂದ ನಮಸ್ಕಾರ.

ನಿಮ್ಮ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಫೈಬರ್ ಪ್ಲಾನ್ ತಗೊಂಡು ಎರಡು ವರ್ಷ ಆಯ್ತು. ತಿಂಗಳಿಗೆ 799 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 942 ರೂಪಾಯಿ 82 ಪೈಸೆ. ಒಂದು ತಿಂಗಳೂ ತಡ ಮಾಡದೆ ಕಟ್ಟಿದ್ದೇನೆ. ಆದರೆ ಮೂರು ತಿಂಗಳಿಂದ ಸಂಜೆ ಏಳಾದರೆ ಸಾಕು, ನೆಟ್ ತೆವಳುತ್ತದೆ, ವೇಗ 11ಕ್ಕೆ ಇಳಿಯುತ್ತದೆ. ಐದು ಸಲ ಫೋನ್ ಮಾಡಿದೆ. ಐದು ಸಲವೂ "ನಿಮ್ಮ ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಕಳಿಸಿ ದೂರು ಮುಚ್ಚಿದ್ದೀರಿ. ಬಗೆಹರಿದಿಲ್ಲ. ಅದಕ್ಕೇ ಈ ಪತ್ರ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಟ್ಟಾಯ್ತು ಅಂತ ನಾನು ಯಾವತ್ತೂ ದೂರು ಕೊಟ್ಟವನಲ್ಲ. ನಮ್ಮೂರ ಮಳೆ ನನಗೂ ಗೊತ್ತು. ಇದು ಆ ಥರದ್ದಲ್ಲ. ಮಳೆ ಇರಲಿ ಬಿಡಲಿ, ಗಂಟೆ ನೋಡಿಕೊಂಡು ಬರುವ ತೊಂದರೆ.

ನನ್ನ ಕೆಲಸ ಮದುವೆ ಆಲ್ಬಮ್ ಡಿಸೈನ್ ಮಾಡುವುದು. ಹಗಲೆಲ್ಲ ಶೀಟ್ ಮಾಡಿ ಸಂಜೆ ಬೆಂಗಳೂರಿನ ಲ್ಯಾಬ್‌ಗೆ ಕಳಿಸಬೇಕು, ಅವರು ರಾತ್ರಿಯೇ ಪ್ರಿಂಟ್‌ಗೆ ಹಾಕುತ್ತಾರೆ. ಒಂದು ಆಲ್ಬಮ್ ಅಂದರೆ ಸುಮಾರು 4 ಜಿಬಿ. ನೀವು ಹೇಳಿದ 100 ಬಂದರೆ ಐದಾರು ನಿಮಿಷದ ಕೆಲಸ. ಈಗ ಅಪ್‌ಲೋಡ್ 3 ಬರುತ್ತಿದೆ, ಹತ್ತಿರ ಹತ್ತಿರ ಮೂರು ಗಂಟೆ ಹಿಡಿಯುತ್ತದೆ. ನಡುವೆ ಒಂದು ಸಲ ಕಡಿದರೆ ಮತ್ತೆ ಮೊದಲಿಂದ. ಹೋದ ತಿಂಗಳು ಹೀಗೇ ಒಂದು ಆಲ್ಬಮ್ ತಡವಾಗಿ, ಆರತಕ್ಷತೆಯ ದಿನ ಆ ಹುಡುಗಿಯ ಅಪ್ಪನ ಮುಂದೆ ನಾನು ತಲೆ ತಗ್ಗಿಸಿ ನಿಂತೆ.

ನಿಮ್ಮವರು ಮೊದಲು ಹೇಳಿದ್ದು "ನಿಮ್ಮದು ಹಳೇ ಮನೆ ಸಾರ್, ಗೋಡೆ ದಪ್ಪ, ವೈ-ಫೈ ಹಿಡಿಯಲ್ಲ" ಅಂತ. ಗೋಡೆ ದಪ್ಪ ಇರುವುದು ನಿಜ. ಆದರೆ ನಾನು ವೈ-ಫೈಯಲ್ಲಿ ಪರೀಕ್ಷೆ ಮಾಡೇ ಇಲ್ಲ, ಲ್ಯಾಪ್‌ಟಾಪ್‌ಗೆ ರೌಟರ್‌ನಿಂದ ನೇರ ಕೇಬಲ್ ಹಾಕಿ ಮಾಡಿದ್ದೇನೆ. ಎರಡನೇ ಸಲ ಫೋನ್ ತೆಗೆದವರು ಇನ್ನೂ ವಿಚಿತ್ರ ಲೆಕ್ಕ ಹೇಳಿದರು. 100ನ್ನು 8ರಿಂದ ಭಾಗಿಸಿದರೆ 12.5, ನಿಮಗೆ 11 ಬರುತ್ತಿದೆ ಅಂದರೆ ಸರಿಯಾಗೇ ಇದೆ ಅಂತ. 8 ಬಿಟ್ ಸೇರಿ 1 ಬೈಟ್, ಅಷ್ಟು ಸರಿ. ಫೈಲ್ ಇಳಿಯುವಾಗ ಮೆಗಾಬೈಟ್‌ನಲ್ಲಿ 12.5 ತೋರಿಸಬೇಕು. ನಾನು ಹೇಳುತ್ತಿರುವ 11 ಮೆಗಾಬಿಟ್. ಮೆಗಾಬೈಟ್ ಲೆಕ್ಕಕ್ಕೆ ತಂದರೆ 1.4 ಕೂಡ ಆಗುವುದಿಲ್ಲ. ದಯವಿಟ್ಟು ಫೋನ್ ತೆಗೆಯುವವರಿಗೆ ಇದನ್ನು ಹೇಳಿಕೊಡಿ, ಗೊತ್ತಿಲ್ಲದವರು ಇದನ್ನೇ ನಂಬಿ ಸುಮ್ಮನಾಗಿಬಿಡುತ್ತಾರೆ.

ಸುಮ್ನೆ ಬಾಯಿಮಾತಲ್ಲಿ ಹೇಳುವುದು ಬೇಡ ಅಂತ ಹೋದ ವಾರ ಒಂದೇ ಲ್ಯಾಪ್‌ಟಾಪ್, ಒಂದೇ ಕೇಬಲ್ ಹಿಡಿದುಕೊಂಡು ನಾಲ್ಕು ಮನೆಯಲ್ಲಿ ನೆಟ್ ವೇಗ ಅಳೆದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ 93, ರಾತ್ರಿ ಎಂಟೂವರೆಗೆ 11. ಪಕ್ಕದ ಮನೆಯವರದು ಬೇರೆ ಕಂಪನಿ, ಬರೀ 50ರ ಪ್ಲಾನ್. ಅವರಿಗೆ ಬೆಳಿಗ್ಗೆ 48, ರಾತ್ರಿ 44, ಅಪ್‌ಲೋಡ್ ಕೂಡ ಅಷ್ಟೇ. ಹಿರೇಮಗಳೂರಿನಲ್ಲಿರುವ ಅಕ್ಕನ ಮನೆಗೆ ಮೂರನೆಯ ಕಂಪನಿಯ 100ರ ಪ್ಲಾನ್ ಇದೆ, ಅಲ್ಲಿ ರಾತ್ರಿ 81. ಕೊನೆಗೆ ಕೋಟೆಯಲ್ಲಿರುವ ಗೆಳೆಯನ ಮನೆಗೆ ಹೋದೆ. ಅವನದು ನಿಮ್ಮದೇ ಕಂಪನಿ, ನನ್ನದೇ ಪ್ಲಾನ್. ರಾತ್ರಿ ಒಂಬತ್ತಕ್ಕೆ 90 ಬಂತು!

ಹಾಗಾದರೆ ನನ್ನ ಲ್ಯಾಪ್‌ಟಾಪ್ ಸರಿ ಇದೆ, ಕೇಬಲ್ ಸರಿ ಇದೆ. ಬೆಳಿಗ್ಗೆ 93 ಬರುವುದರಿಂದ ರೌಟರ್ ಮತ್ತು ಮನೆಗೆ ಬಂದ ಫೈಬರ್ ಕೂಡ ಸರಿ ಇದೆ. ಕೋಟೆಯಲ್ಲಿ 90 ಬರುವುದರಿಂದ ನಿಮ್ಮ ಕಂಪನಿಗೆ ಬೆಂಗಳೂರಿನ ತನಕ ದಾರಿ ಇದೆ. ಪರೀಕ್ಷೆಗೆ ನಿಮ್ಮದೇ ಸರ್ವರ್ ಆರಿಸಿದರೂ ರಾತ್ರಿ ನಮ್ಮ ಮನೆಯಲ್ಲಿ 14 ದಾಟಲಿಲ್ಲ. ತೊಂದರೆ ಇರುವುದು ನಮ್ಮ ಬಡಾವಣೆಗೆ ನೀವು ಕೊಟ್ಟಿರುವ ಲೈನ್‌ನಲ್ಲೇ, ಅಲ್ವಾ? ನೀವು ಕೊಟ್ಟ ಡಬ್ಬಿಯ ಮೇಲೆ ಜಿಪಾನ್ ಅಂತ ಇದೆ, ಅಂದರೆ ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ವಿಧಾನ. ಅದರಲ್ಲಿ ಒಂದು ಫೈಬರ್‌ಗೆ ಸುಮಾರು 2.5 ಜಿಬಿಪಿಎಸ್, ಅಂದರೆ 2,500 ಎಂಬಿಪಿಎಸ್ ಡೌನ್‌ಲೋಡ್, ಅದನ್ನು ಆ ಮನೆಗಳು ಹಂಚಿಕೊಳ್ಳುತ್ತವೆ. 64 ಮನೆ ಒಟ್ಟಿಗೆ ಪೂರ್ತಿ ಎಳೆದರೂ ಒಬ್ಬೊಬ್ಬರಿಗೆ 39ರ ಹತ್ತಿರ ಸಿಗಬೇಕು. 11 ಬರುತ್ತಿದೆ ಅಂದರೆ ಹಿಂದಿನಿಂದ ಬರುವ ಲೈನ್ ಸಾಲುತ್ತಿಲ್ಲ, ಆದರೂ ಹೊಸ ಕನೆಕ್ಷನ್ ಕೊಡುತ್ತಲೇ ಇದ್ದೀರಿ. ಈ ತಿಂಗಳೂ ನಮ್ಮ ರಸ್ತೆಯ ಕಂಬಗಳಿಗೆ ನಿಮ್ಮ ಹೊಸ ಬೋರ್ಡ್ ಬಂದಿದೆ.

ಲೈನ್ ನೋಡಲು ಬರುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ನೆನೆದುಕೊಂಡು ಬಂದ, ಪಾಪ, ಮರ್ಯಾದೆಯಿಂದ ಮಾತಾಡಿದ. ಆದರೆ ಅವನನ್ನು ಪ್ರತಿ ಸಲ ಬೆಳಿಗ್ಗೆ ಹನ್ನೊಂದಕ್ಕೆ ಕಳಿಸುತ್ತೀರಿ. ಆಗ 90 ಬರುತ್ತದೆ, ಫೋಟೋ ತೆಗೆದುಕೊಂಡು ಹೋಗುತ್ತಾನೆ, ದೂರು ಮುಚ್ಚುತ್ತದೆ.

"100ರ ವರೆಗೆ" ಅಂತ ಬರೆದಿದ್ದೇವೆ ಅನ್ನುತ್ತೀರಿ. ಒಂದು ಕೆಜಿ ವರೆಗೆ ಅಂತ ದುಡ್ಡು ತಗೊಂಡು 110 ಗ್ರಾಂ ಕಾಫಿಪುಡಿ ಕಟ್ಟಿಕೊಟ್ಟರೆ ನಮ್ಮೂರಲ್ಲಿ ಯಾರೂ ಆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.

ನಮ್ಮ ಬಡಾವಣೆಗೆ ಬರುವ ಲೈನ್ ದೊಡ್ಡದು ಮಾಡಿ, ಯಾವ ತಾರೀಖಿನೊಳಗೆ ಅಂತ ಬರೆದು ತಿಳಿಸಿ. ಅಲ್ಲಿಯ ತನಕ ಹೊಸ ಕನೆಕ್ಷನ್ ಕೊಡಬೇಡಿ. ಮೂರು ತಿಂಗಳ ಬಿಲ್ಲಿನ ಅರ್ಧ, 1,414 ರೂಪಾಯಿ, ನನ್ನ ಖಾತೆಗೆ ಜಮಾ ಮಾಡಿ. ಹಗಲು ಸರಿ ಬರುತ್ತದೆ, ಅದಕ್ಕೇ ಪೂರ್ತಿ ಕೇಳುತ್ತಿಲ್ಲ. ಈ ಪತ್ರಕ್ಕೆ ದೂರು ಸಂಖ್ಯೆ ಕೊಡಿ. ಇದನ್ನೂ ಹಾಗೇ ಮುಚ್ಚಿದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದ ಪ್ರಕಾರ 30 ದಿನದೊಳಗೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ, ಅವರು 39 ದಿನದಲ್ಲಿ ತೀರ್ಮಾನ ಹೇಳಬೇಕು. ಗ್ರಾಹಕ ಸಹಾಯವಾಣಿ 1915ಕ್ಕೂ ಬರೆಸುತ್ತೇನೆ.

ನಾಲ್ಕು ಮನೆಯ ಪರೀಕ್ಷೆಯ ಫೋಟೋಗಳನ್ನು ಜೊತೆಗೆ ಇಟ್ಟಿದ್ದೇನೆ, ಎಲ್ಲದರಲ್ಲೂ ತಾರೀಖು, ಗಂಟೆ ಕಾಣುತ್ತದೆ. ಯಾರನ್ನಾದರೂ ಕಳಿಸುವುದಾದರೆ ರಾತ್ರಿ ಏಳೂವರೆಯಿಂದ ಒಂಬತ್ತರ ನಡುವೆ ಕಳಿಸಿ. ನಾನು ಮನೆಯಲ್ಲೇ ಇರುತ್ತೇನೆ.

ಇಂತಿ,
ಕಲ್ಯಾಣನಗರದ ನಿಮ್ಮ ಗ್ರಾಹಕ