ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಿಂದ

ಪುಟ್ಟಿ,

"ಅಮ್ಮಾ, ಕಾಡಿನ ವಿಷಯ ಓದೋಕೆ ಎಷ್ಟು ದುಡ್ಡಾಗತ್ತೆ" ಅಂತ ಕೇಳಿದೆಯಲ್ಲ, ಆವತ್ತು ನನಗೆ ಗೊತ್ತಿರಲಿಲ್ಲ. ಅದಕ್ಕೇ ಆಮೇಲೆ ಮಾತಾಡೋಣ ಅಂದೆ. ನೀನು ಸಿಟ್ಟು ಮಾಡ್ಕೊಂಡು ಫೋನಿಟ್ಟೆ. ಆವತ್ತಿನಿಂದ ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ನಿನ್ನ ಲೆಕ್ಕವನ್ನೇ ಬರೆಯುತ್ತಿದ್ದೇನೆ.

ಮೊದಲು ಆ ಖಾಸಗಿ ಕಾಲೇಜು, ಹೆಸರು ಬೇಡ. ಅಪ್ಪ ಹೋಗಿ ಬಂದರು. ಫೀಸು ಕೇಳಿದಾಗ ಪರವಾಗಿಲ್ಲ ಅನ್ನಿಸಿತಂತೆ, ಆಮೇಲೆ ಲ್ಯಾಬಿಗೆ ಬೇರೆ, ಫೀಲ್ಡ್ ಟ್ರಿಪ್ಪಿಗೆ ಬೇರೆ, ಯೂನಿಫಾರ್ಮಿಗೆ ಬೇರೆ, ಹಾಸ್ಟೆಲ್ ಅಡ್ವಾನ್ಸ್ ಬೇರೆ ಅಂತ ಒಂದೊಂದೇ ಹೊರಗೆ ಬಂತು. ಕೊನೆಗೆ ಇವರು "ಕಾಡು ಎಲ್ಲಿದೆ" ಅಂದರೆ, "ಬಸ್ಸಲ್ಲಿ ಕರ್ಕೊಂಡು ಹೋಗ್ತೀವಿ ಸಾರ್" ಅಂದರಂತೆ. ಆ ಪುಟಕ್ಕೆ ಅಲ್ಲೇ ಗೀಟು ಹಾಕಿದೆ.

ಉಳಿದದ್ದು ಸರ್ಕಾರಿ. ನಾಲ್ಕು ವರ್ಷದ ಬಿಎಸ್ಸಿ ಫಾರೆಸ್ಟ್ರಿ ಶಿರಸಿಯಲ್ಲೂ ಇದೆ, ಪೊನ್ನಂಪೇಟೆಯಲ್ಲೂ ಇದೆ. ಶಿರಸಿಯದು ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಪೊನ್ನಂಪೇಟೆಯದು ನಮ್ಮ ಸಾಗರದ ಪಕ್ಕದ ಇರುವಕ್ಕಿಯ ವಿಶ್ವವಿದ್ಯಾಲಯದ್ದು. ಯೂನಿವರ್ಸಿಟಿ ಇಲ್ಲಿ, ಕಾಲೇಜು ಅಲ್ಲಿ ಕೊಡಗಿನಲ್ಲಿ! ಎರಡಕ್ಕೂ ಸಿಇಟಿಯಲ್ಲೇ ಸೀಟು. ಫೀಸು ನೋಡಿ ಒಂದನ್ನು ಬಿಡುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ. ವ್ಯತ್ಯಾಸ ಇರೋದು ಹೋಗಿ ಬರೋದರಲ್ಲಿ. ಶಿರಸಿಯಾದರೆ ತಿಂಡಿ ತಿಂದು ಹೊರಟು ಊಟದ ಹೊತ್ತಿಗೆ ಮುಟ್ಟಬಹುದು. ಕೊಡಗಿಗೆ ರೈಲೇ ಇಲ್ಲ, ಬಸ್ಸು ಬದಲಿಸುತ್ತಾ ಒಂದಿಡೀ ದಿನ. 2023ರ ಜೂನಿನಿಂದ ಸರ್ಕಾರಿ ಬಸ್ಸಲ್ಲಿ ನಮಗೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಪ್ರತಿ ಸಲವೂ ಬಿಡೋಕೆ ಬರ್ತೀನಿ ಅಂತ ಅಪ್ಪ ಹಟ ಹಿಡೀತಾರಲ್ಲ, ಅವರ ಟಿಕೆಟ್ ಯಾರು ಕೊಡ್ತಾರೆ?

ರೈತರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಏನಿದು ಅಂತ ಕೇಳ್ತಾರೆ. ಅಡಿಕೆ ಕೊಯ್ಯುವ ದೋಟಿ, ಸುಲಿಯುವ ಮೆಟ್ಟುಗತ್ತಿ ನಿನಗೆ ಹೇಳಿಕೊಡಬೇಕಾಗಿಲ್ಲ, ಆದರೆ ರಾಗಿ, ನವಣೆ, ಸಾಮೆ ಬೀಜ ಅಕ್ಕಪಕ್ಕ ಇಟ್ಟರೆ ನೀನು ತಡವರಿಸ್ತೀಯ. ಅಜ್ಜಿ ಹತ್ತಿರ ಒಂದು ಸಂಜೆ ಕೂತ್ಕೋ.

2021ರಲ್ಲಿ ಶುರುವಾದ, ರೈತರ ಮಕ್ಕಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿಯನ್ನೂ ನೋಡಿದೆ. ಆಗ ಹೇಳಿದ ಪ್ರಕಾರ ಹೆಣ್ಣುಮಕ್ಕಳಿಗೆ ವರ್ಷಕ್ಕೆ ಸಾಮಾನ್ಯ ಪದವಿಗೆ 5,500, ವೃತ್ತಿಪರ ಕೋರ್ಸಿಗೆ 8,000, ಎಂಬಿಬಿಎಸ್, ಬಿಇ ಥರದ್ದಕ್ಕೆ 11,000 ರೂಪಾಯಿ. ಈಗಲೂ ಕೊಡ್ತಾರಾ ಅಂತ ಕೇಳಿ ಅರ್ಜಿ ಹಾಕೋಣ. ಆದರೆ ಅದನ್ನು ನಂಬಿ ಲೆಕ್ಕ ಹಾಕಿಲ್ಲ, ಬಂದರೆ ಮೆಸ್ ಬಿಲ್ಲಿಗೆ ಆಯ್ತು. ಮುಂದೆ ಕೆಲಸದ ವಿಷಯಕ್ಕೆ ಬಂದರೆ, ಅರಣ್ಯ ಇಲಾಖೆಯ ಆರ್‌ಎಫ್‌ಒ, ಎಸಿಎಫ್ (ವಲಯ ಅರಣ್ಯಾಧಿಕಾರಿ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ನೇಮಕಾತಿಯಲ್ಲಿ ಫಾರೆಸ್ಟ್ರಿ ಓದಿದವರಿಗೆ ಪಾಲಿದೆ. ಆ ಪಾಲು ಕಡಿಮೆಯಾಯ್ತು ಅಂತ ಇದೇ ಎರಡು ಕಾಲೇಜಿನ ಮಕ್ಕಳು ಧರಣಿ ಕೂತಿದ್ದೂ ಇದೆ. ಅದೂ ಗೊತ್ತಿರಲಿ.

ಇನ್ನು ನಿನ್ನ ಜರ್ಮನಿ. ನಗಬೇಡ, ಅದಕ್ಕೂ ಒಂದು ಪುಟ ಇಟ್ಟಿದ್ದೇನೆ. ಗಾಟಿಂಗೆನ್‌ನಂಥ ಸರ್ಕಾರಿ ಯೂನಿವರ್ಸಿಟಿಯಲ್ಲಿ ಬೋಧನಾ ಶುಲ್ಕವೇ ಇಲ್ಲ. ನೀನು ಹೇಳಿದ ಫ್ರೈಬುರ್ಗ್ ಇರುವ ರಾಜ್ಯದಲ್ಲಿ ಮಾತ್ರ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಆದರೆ ಫೀಸಿಲ್ಲ ಅಂದ ತಕ್ಷಣ ಪುಕ್ಕಟೆ ಅಲ್ಲ ಮಗಳೇ. ವೀಸಾಕ್ಕೆ ಮೊದಲೇ ಒಂದು ವರ್ಷದ ಊಟ-ವಸತಿ ಅಂತ 11,904 ಯೂರೋ ಅಲ್ಲಿನ ಖಾತೆಯಲ್ಲಿ ಇಡಬೇಕು, ತಿಂಗಳಿಗೆ 992ರಂತೆ ನಿನಗೇ ವಾಪಸ್ ಕೊಡ್ತಾರೆ. ನಿನ್ನದೇ ದುಡ್ಡು, ಸರಿ. ಆದರೂ ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ ಒಂದೇ ಸಲ ಬೇಕಲ್ಲ. ಅಡಿಕೆಗೆ ಕೊಳೆರೋಗ ಬಾರದ ವರ್ಷವೂ ನಮ್ಮ ತೋಟದಿಂದ ಅಷ್ಟು ಒಟ್ಟಿಗೆ ಏಳುವುದಿಲ್ಲ.

ಅದಕ್ಕೇ ನನ್ನ ಲೆಕ್ಕ ಇಷ್ಟು: ಈಗ ಸಾಲವಿಲ್ಲದೆ ಬಿಎಸ್ಸಿ ಮುಗಿಸು. ಬ್ಯಾಂಕಿನ ಸಾಲ ಎಂಎಸ್ಸಿಗೆ ಇರಲಿ. ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯೋ, ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್ಸೋ, ಆ ಜರ್ಮನಿಯೋ, ಆವಾಗ ನೋಡೋಣ. ನಾಲ್ಕು ವರ್ಷ ಕಾಡಲ್ಲಿ ಜಿಗಣೆ ಕಚ್ಚಿಸಿಕೊಂಡ ಮೇಲೂ ಇದೇ ಬೇಕು ಅಂದರೆ ಸಾಲಕ್ಕೆ ನಾನೇ ಸಹಿ ಹಾಕ್ತೀನಿ.

ಶನಿವಾರ ಬರುವಾಗ ಹಾಸ್ಟೆಲಿನಲ್ಲಿರುವ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ತಾ. ಪಹಣಿ ಅಪ್ಪ ತೆಗೆಸಿಟ್ಟಿದ್ದಾರೆ. ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಮೊದಲು ಯಾವ ಕಾಲೇಜು ಅಂತ ನೀನೇ ಹಾಕು. ಅಜ್ಜಿಯ ಓಟು ಶಿರಸಿಗೆ, ಮಾರಿಜಾತ್ರೆಗೆ ಬಂದರೆ ನಿನ್ನ ರೂಮಲ್ಲಿ ಉಳಿಯಬಹುದಂತೆ. ಹಾಸ್ಟೆಲಿನಲ್ಲಿ ಬಿಡಲ್ಲ ಅಂದರೆ ಕೇಳ್ತಿಲ್ಲ.

ಅಮ್ಮ