ಕೂಡುವಿನ ಕಿವಿ: ರೇಂಜರ್‌ಗೊಂದು ಪತ್ರ

ಪ್ರೀತಿಯ ರೇಂಜರ್,

ನಮೀಬಿಯಾದ ವಿಂಡ್‌ಹುಕ್‌ನಿಂದ ನೀನು ಕಳಿಸಿದ ಫೋಟೊ ಬಂತು. ನಿನ್ನ ಆಫೀಸಿನವರ ಮನೆ ಹಾಲ್, ಗೋಡೆ ಮೇಲೆ ಕೂಡು ಅನ್ನೋ ಸುರುಳಿ ಕೊಂಬಿನ ಆಫ್ರಿಕನ್ ಹುಲ್ಲೆಯ ತಲೆ, ಕೆಳಗೆ ನೀನು. ಜುಲೈನಲ್ಲಿ ಅವರ ಫಾರ್ಮಿಗೆ ಬೇಟೆಗೆ ಕರೆದಿದ್ದಾರೆ, ಇಂಥದ್ದೊಂದು ಮಾಡಿಸಬೇಕು ಅಂದರೆ ಏನೇನು ಗೊತ್ತಿರಬೇಕು ಅಂತ ಕೇಳಿದೀಯ. ಕೂಡು-ಕಳೆ ಜೋಕು ಮತ್ತೆ ಶುರು ಮಾಡಬೇಡ, ಅದು ಒಂಬತ್ತನೇ ಕ್ಲಾಸಿಗೇ ಮುಗೀತು. ಉತ್ತರವನ್ನು ಎಲ್ಲರೂ ಓದೋ ಹಾಗೆ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡ. ಈ ಆಸೆ ನಿನ್ನೊಬ್ಬನದೇ ಅಲ್ಲ.

ಮೊದಲು ಕೊಂಬಿನ ವಿಷಯ. ಆ ಬಯಲುಸೀಮೆಯ ಬೇಟೆಗಾರರ ಪಟ್ಟಿಯಲ್ಲಿ ಮೊದಲ ಹೆಸರು ಯಾವಾಗಲೂ ದೊಡ್ಡ ಕೂಡುವಿನದೇ. ಗಂಡಿಗೆ ಹುಟ್ಟಿ ಆರು ತಿಂಗಳಾದ ಮೇಲೆ ಕೊಂಬು ಮೊಳೆಯುತ್ತೆ, ಎರಡು ವರ್ಷದ ಹೊತ್ತಿಗೆ ಮೊದಲ ತಿರುವು, ಎರಡೂವರೆ ಸುತ್ತು ಪೂರ್ತಿ ಆಗೋಕೆ ಸುಮಾರು ಆರು ವರ್ಷ. ಟೇಪನ್ನು ಸುರುಳಿಯ ಏಣು ಹಿಡಿದುಕೊಂಡು ಬುಡದಿಂದ ತುದಿವರೆಗೆ ಸುತ್ತಿ ಅಳೀತಾರೆ, ನೇರವಾಗಿ ಅಲ್ಲ. ಬೇಟೆಗಾರರು ದೊಡ್ಡ ಕೊಂಬುಗಳನ್ನು ದಾಖಲಿಸೋ ರೋಲಂಡ್ ವಾರ್ಡ್ ಪುಸ್ತಕಕ್ಕೆ ಸೇರಬೇಕಾದರೆ 53⅞ ಇಂಚು ಬೇಕು. ಅಲ್ಲಿನ ಬೇರೆ ಹುಲ್ಲೆಗಳಲ್ಲಿ ಜೆಮ್ಸ್‌ಬಾಕ್‌ಗೆ 40, ಇಂಪಾಲಾಗೆ 23⅝, ಸ್ಪ್ರಿಂಗ್‌ಬಾಕ್‌ಗೆ 14. ಜೆಮ್ಸ್‌ಬಾಕ್ ವಿಷಯದಲ್ಲಿ ಹುಷಾರು. ಅದರಲ್ಲಿ ಹೆಣ್ಣಿಗೂ ಕೊಂಬಿದೆ, ಗಂಡಿನದಕ್ಕಿಂತ ಸಣ್ಣಗೆ, ಉದ್ದಕ್ಕೆ ಇರುತ್ತೆ. ಉದ್ದ ನೋಡಿ ಗುರಿ ಇಟ್ಟವನು ಮರಿಗೆ ಹಾಲೂಡಿಸೋ ತಾಯಿಯನ್ನು ಕೆಡವಿರ್ತಾನೆ. ಬುಡದ ದಪ್ಪ ನೋಡು, ಕತ್ತಿನ ದಪ್ಪ ನೋಡು, ಉದ್ದ ಆಮೇಲೆ.

ಈಗ ತೊಗಲು. ತಲೆ ಕೆಡೋದು ಟ್ಯಾಕ್ಸಿಡರ್ಮಿಸ್ಟ್, ಅಂದರೆ ತೊಗಲು ತುಂಬಿ ನಿಲ್ಲಿಸೋ ಕಸುಬಿನವನ ಕೈಲಿ ಅಂತ ಜನ ಅಂದ್ಕೊಂಡಿದ್ದಾರೆ. ಬಹುಪಾಲು ಕೆಡೋದು ಮೊದಲ ಐದಾರು ಗಂಟೆಯಲ್ಲಿ, ಬಯಲಿನಲ್ಲೇ. ಬಿದ್ದ ಪ್ರಾಣಿಯ ಕತ್ತು ಕೊಯ್ಯಬಾರದು. ರಕ್ತ ಹರಿಸಬೇಕು ಅಂತ ಗಂಟಲಿಗೆ ಚೂರಿ ಹಾಕಿದರೆ ಕೂಡುವಿನ ಗಂಟಲ ಕೆಳಗಿನ ಉದ್ದ ಕೂದಲ ಸಾಲು ಹೋಯ್ತು, ಅದನ್ನು ಹೊಲಿದು ಮುಚ್ಚೋಕಾಗಲ್ಲ. ನೆಲದ ಮೇಲೆ ಎಳೆಯಬಾರದು, ಎಳೆದ ಕಡೆ ಕೂದಲು ಸವೆಯುತ್ತೆ. ನೆರಳಿಗೆ ಹೊತ್ಕೊಂಡು ಹೋಗಬೇಕು. ಭುಜದವರೆಗಿನ ತಲೆ ಬೇಕು ಅಂದರೆ ಮುಂಗಾಲಿನಿಂದ ತುಂಬ ಹಿಂದೆ, ಪಕ್ಕೆಲುಬಿನ ನಡುಮಧ್ಯದಲ್ಲಿ ಸುತ್ತ ಕೊಯ್ಯಬೇಕು. ಹೆಚ್ಚಾದರೆ ಕತ್ತರಿಸಿ ಬಿಸಾಡಬಹುದು, ಕಡಿಮೆಯಾದರೆ ಎಲ್ಲಿಂದ ತರ್ತೀಯ? ಅಲ್ಲಿಂದ ಬೆನ್ನ ಮೇಲೆ ಕತ್ತಿನುದ್ದ ಬಂದು, ಕಿವಿಗಳ ನಡುವೆ ಎರಡಾಗಿ ಒಡೆದು, ಒಂದೊಂದು ಕೊಂಬಿನ ಬುಡಕ್ಕೆ. ಚೂರಿಯ ಬಾಯಿ ಮೇಲ್ಮುಖವಾಗಿರಲಿ, ತೊಗಲಿನ ಒಳಗಿಂದ ಕೊಯ್ಯಬೇಕು. ಹಾಗೆ ಮಾಡಿದರೆ ಕೂದಲು ತಾನಾಗಿ ಬೈತಲೆ ಬಿಡುತ್ತೆ, ತುಂಡಾಗಲ್ಲ.

ಮುಖ ಬಿಡಿಸೋದು ನಿಧಾನದ ಕೆಲಸ. ಒಂದು ಬೆರಳು ಹೊರಗಿನಿಂದ ಕಣ್ಣುಗುಳಿಯೊಳಗೆ ಇಟ್ಟುಕೊಂಡು, ಚೂರಿಯನ್ನು ಮೂಳೆಗೆ ಒತ್ತಿ ನಡೆಸಬೇಕು. ರೆಪ್ಪೆ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗ್ತಿರುತ್ತೆ. ತುಟಿಯನ್ನು ವಸಡಿನ ಗೆರೆಯಲ್ಲಿ ಬಿಡಿಸಬೇಕು, ಒಳತುಟಿ ತೊಗಲಿನ ಜೊತೆಗೇ ಬರಬೇಕು. ಆಮೇಲೆ ಕಿವಿ. ಕೂಡುವಿನ ಕಿವಿ ಅಂಗೈಗಿಂತ ದೊಡ್ಡದು. ಕಾಲುಚೀಲ ಮಗುಚಿದ ಹಾಗೆ ತುದಿವರೆಗೂ ಅದನ್ನು ಒಳಹೊರಗೆ ಮಾಡದಿದ್ದರೆ ಉಪ್ಪು ಒಳಗೆ ಹೋಗಲ್ಲ. ಉಪ್ಪು ಹೋಗದ ಕಡೆ ಬ್ಯಾಕ್ಟೀರಿಯಾ ಚರ್ಮದ ಮೇಲ್ಪದರವನ್ನು ಕೊಳೆಸುತ್ತೆ, ಕೂದಲು ಹಿಡಿಹಿಡಿ ಉದುರುತ್ತೆ. ಅದು ಗೊತ್ತಾಗೋದು ತಿಂಗಳುಗಳ ನಂತರ, ಹದ ಮಾಡುವಾಗ. ಆಗ ಯಾರನ್ನು ಬೈದರೂ ಬರಲ್ಲ.

ಉಪ್ಪು ಪುಡಿ ಉಪ್ಪೇ ಆಗಬೇಕು, ಅಯೋಡಿನ್ ಇಲ್ಲದ್ದು. ಹಸಿ ತೊಗಲು ಎಷ್ಟು ತೂಗುತ್ತೋ ಹತ್ತಿರಹತ್ತಿರ ಅಷ್ಟೇ ತೂಕದ ಉಪ್ಪು. ಅದಕ್ಕೂ ಮುಂಚೆ ಮಾಂಸ, ಕೊಬ್ಬು ಚೂರೂ ಉಳಿಯದ ಹಾಗೆ ಕೆರೆದು, ತುಟಿ, ಮೂಗಿನ ಹೊಳ್ಳೆ, ರೆಪ್ಪೆಗಳನ್ನು ಸೀಳಿ ಬಿಡಿಸಿರಬೇಕು. ಪ್ರತಿ ಮಡಿಕೆಗೂ ತಿಕ್ಕಿ ತುಂಬಿ, ಇಳಿಜಾರಿನಲ್ಲಿ ಇಟ್ಟು ನೀರು ಬಸಿಯೋಕೆ ಬಿಡು. 24 ಗಂಟೆ ಆದ ಮೇಲೆ ಹಳೇ ಉಪ್ಪು ಕೊಡವಿ ಹೊಸದು ಹಾಕು. ಮತ್ತೊಂದು ದಿನ ಬಿಟ್ಟು ನೆರಳಲ್ಲಿ ಒಣಗಿಸು, ಬಿಸಿಲಿಗೆ ಹಾಕಿದರೆ ಬೆಂದುಹೋಗುತ್ತೆ.

ಮಾಂಸ ಕೆರೆಯೋ ಮಾತು ಬಂದಾಗಲೆಲ್ಲ ಕ್ವಾಗಾ ನೆನಪಾಗುತ್ತೆ. ಜೀಬ್ರಾದ ಬಳಗ, ಮುಂಭಾಗಕ್ಕೆ ಮಾತ್ರ ಪಟ್ಟೆ. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಿತು. ಈಗ ಇಡೀ ಪ್ರಪಂಚದಲ್ಲಿ ಉಳಿದಿರೋದು 23 ತುಂಬಿದ ತೊಗಲು. ಕೇಪ್‌ಟೌನಿನ ಮ್ಯೂಸಿಯಮ್ಮಿನ ಟ್ಯಾಕ್ಸಿಡರ್ಮಿಸ್ಟ್ ರೈನ್‌ಹೋಲ್ಡ್ ರಾವ್ 1969ರಲ್ಲಿ ಅಲ್ಲಿನ ಕ್ವಾಗಾ ಮರಿಯನ್ನು ಬಿಚ್ಚಿ ಹೊಸದಾಗಿ ಕೂರಿಸುವಾಗ ತೊಗಲಿನ ಒಳಮೈಗೆ ಒಣಗಿದ ಮಾಂಸ ಅಂಟಿಕೊಂಡಿತ್ತು. ಈ ಕಸುಬಿನಲ್ಲಿ ಅದು ಕಳಪೆ ಕೆಲಸ. 1984ರಲ್ಲಿ ಕ್ವಾಗಾ ತೊಗಲಿಗೆ ಅಂಟಿದ್ದ ಅಂಥದೇ ಮಾಂಸದಿಂದ ವಿಜ್ಞಾನಿಗಳು ಡಿಎನ್‌ಎ ಓದಿದರು. ನಿರ್ವಂಶವಾದ ಪ್ರಾಣಿಯದು ಓದಿದ್ದು ಅದೇ ಮೊದಲು. ಯಾರೋ ಸರಿಯಾಗಿ ಕೆರೆಯದೇ ಬಿಟ್ಟದ್ದು ನೂರು ವರ್ಷ ಕಾದುಕೊಂಡು ಕೂತಿತ್ತು. ನೀನು ಮಾತ್ರ ಚೆನ್ನಾಗಿ ಕೆರಿ.

ಕೊಂಬಿಗೆ ಬರೋಣ. ಕಡವೆಯ ಕೊಂಬಿನ ಹಾಗೆ ಇದು ಉದುರಿ ಬರೋದಲ್ಲ, ಮೂಳೆಯ ಮೇಲೆ ಕವಚದ ಥರ ಕೂತಿರುತ್ತೆ. ಬುರುಡೆಯನ್ನು ಕೊಂಬಿನ ಬುಡದವರೆಗೆ ಮಾತ್ರ ನೀರಲ್ಲಿ ಮುಳುಗಿಸಿ ಬೇಯಿಸಿದರೆ ಕವಚ ಸಡಿಲವಾಗುತ್ತೆ. ಕೂಡುವಿನದನ್ನು ಎಳೆದರೆ ಬರಲ್ಲ, ಸ್ಕ್ರೂ ಬಿಚ್ಚಿದ ಹಾಗೆ ತಿರುಗಿಸಿ ತಿರುಗಿಸಿ ತೆಗೀಬೇಕು. ಒಳಗಿನ ಮಜ್ಜೆ ತೊಳೆದು, ಎಣ್ಣೆ ಜಿಡ್ಡು ಬಿಡಿಸಿ, ಬುರುಡೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಬೇಕು. ಬಟ್ಟೆಗೆ ಹಾಕೋ ಬ್ಲೀಚ್ ಹಾಕಿದರೆ ಮೂಳೆ ಬರ್ತಾ ಬರ್ತಾ ಪುಡಿಪುಡಿ. ಕೊಂಬನ್ನು ಶೆಡ್ಡಿನ ಮೂಲೆಯಲ್ಲಿ ರಾಶಿ ಹಾಕಿದರೆ ಅಲ್ಲೊಂದು ಪತಂಗ ಇದೆ, ಅದರ ಹುಳುವಿಗೆ ಕೊಂಬೇ ಊಟ. ಕೊಂಬಿನ ಮೇಲೆ ಬೆರಳಿನ ಥರ ಒರಟು ಕೊಳವೆಗಳು ಎದ್ದಿದ್ದರೆ ಒಳಗೆ ಅದು ಸೇರಿಕೊಂಡಿದೆ ಅಂತ ಅರ್ಥ.

ಇನ್ನು ಮುಂದಿನದು ಸ್ಟುಡಿಯೊ ಕೆಲಸ: ಆಮ್ಲದ ನೀರು, ತೊಗಲನ್ನು ತೆಳ್ಳಗೆ ಹೆರೆಯೋದು, ಹದ, ಎಣ್ಣೆ, ತೊಗಲು ಹೊದಿಸೋ ಪಾಲಿಯುರೆಥೇನ್ ಅಚ್ಚು, ಮುಖಕ್ಕೆ ಜೇಡಿ, ಗಾಜಿನ ಕಣ್ಣು. ನೀನು ಮಾಡಬೇಕಾದ್ದು ಏನೂ ಇಲ್ಲ, ಆದರೆ ಕಣ್ಣನ್ನು ನೋಡಿ ಕೆಲಸ ಅಳೆಯಬಹುದು. ಈ ಪ್ರಾಣಿಗಳ ಪಾಪೆ ಅಡ್ಡಕ್ಕೆ ಉದ್ದ. ತಲೆ ಬಗ್ಗಿಸಿ ಮೇಯುವಾಗಲೂ ಕಣ್ಣುಗುಡ್ಡೆ ಒಳಗೇ ಹೊರಳಿ ಪಾಪೆ ನೆಲಕ್ಕೆ ಸಮನಾಗಿ ನಿಲ್ಲುತ್ತೆ. ಅಚ್ಚಿನ ತಲೆ ಎತ್ತ ವಾಲಿದರೂ ಗಾಜಿನ ಪಾಪೆ ನೆಲಕ್ಕೆ ಸಮನಾಗಿರಬೇಕು. ಕೆಟ್ಟ ಕೆಲಸದಲ್ಲಿ ಅದು ಮುಖದ ಜೊತೆ ವಾಲಿರುತ್ತೆ. ಏನೋ ಸರಿಯಿಲ್ಲ ಅನಿಸುತ್ತೆ, ಏನು ಅಂತ ಗೊತ್ತಾಗಲ್ಲ. ಇದೇ ಅದು.

ನಿನ್ನ ಫೋಟೊದಲ್ಲಿರೋ ತಲೆಯಲ್ಲಿ ಪಾಪೆ ಸರಿಯಾಗಿದೆ. ರೆಪ್ಪೆ ಸರಿಯಾಗಿದೆ, ಕತ್ತಿನ ಹೊಲಿಗೆ ಕಾಣಲ್ಲ. ಬಹಳ ಒಳ್ಳೆ ಕೆಲಸ ಕಣೋ. ದೊಡ್ಡದು ಮಾಡಿಕೊಂಡು ನೋಡ್ತಾ ನೋಡ್ತಾ ಕಿವಿಗೆ ಬಂದೆ, ಅಲ್ಲೇ ನಿಂತುಬಿಟ್ಟೆ.

ಎರಡು ಕಿವಿಯೂ ಮುಂದಕ್ಕೆ ನೆಟ್ಟಗಿವೆ. ಕತ್ತು ಎತ್ತಿದೆ, ಮೂಗಿನ ಹೊಳ್ಳೆ ಸ್ವಲ್ಪ ಅರಳಿದೆ. ಕ್ಯಾಟಲಾಗುಗಳಲ್ಲಿ ಇದಕ್ಕೆ 'ಅಲರ್ಟ್' ಅಂತ ಹೆಸರು, ಹೆಚ್ಚು ಜನ ಕೇಳೋದೂ ಇದನ್ನೇ. ಇಷ್ಟು ವರ್ಷ ನನಗೂ ಇದೇ ಚೆಲುವು. ಆದರೆ ಬದುಕಿರೋ ಕೂಡು ದಿನದ ಎಷ್ಟು ಹೊತ್ತು ಹೀಗಿರುತ್ತೆ? ಮಧ್ಯಾಹ್ನ ಮುಳ್ಳುಮರದ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಒಂದು ಕಿವಿ ಹಿಂದಕ್ಕೆ, ಒಂದು ಪಕ್ಕಕ್ಕೆ, ನೊಣ ಕೂತರೆ ಪಟಪಟ. ಕಣ್ಣು ಅರೆಮುಚ್ಚಿರುತ್ತೆ. ಎರಡು ಕಿವಿಯೂ ಒಟ್ಟಿಗೆ ಒಂದೇ ಕಡೆ ತಿರುಗೋದು ಒಣಕಡ್ಡಿ ಮುರಿದ ಸದ್ದಿಗೆ, ಗಾಳಿಯಲ್ಲಿ ಮನುಷ್ಯರ ವಾಸನೆಗೆ. ಆಮೇಲೆ ಒರಟಾಗಿ ಒಂದು ಬೊಗಳು, ಓಟ. ಓಡಿದ ಗಂಡು ಕೂಡು ಸ್ವಲ್ಪ ದೂರ ಹೋಗಿ ನಿಂತು ಹಿಂತಿರುಗಿ ನೋಡುತ್ತೆ, ಬೇಟೆಗಾರರಿಗೆಲ್ಲ ಗೊತ್ತಿರೋ ಅಭ್ಯಾಸ. ಕತ್ತು ತಿರುಗಿಸಿದ ಇನ್ನೊಂದು ಅಚ್ಚು ಸಿಗುತ್ತಲ್ಲ, ಎಲ್ಲರೂ ಹೊಗಳೋ ಭಂಗಿ, ಅದೂ ಆ ಕ್ಷಣದ್ದೇ. ಅಂದರೆ ಇಷ್ಟೆಲ್ಲ ಉಪ್ಪು, ಇಷ್ಟೆಲ್ಲ ಕೌಶಲ ಖರ್ಚು ಮಾಡಿ ನಾವು ಗೋಡೆಗೆ ಹಾಕ್ತಿರೋದು ಅದು ನಮ್ಮನ್ನು ಕೇಳಿಸಿಕೊಂಡ ಗಳಿಗೆಯನ್ನು.

ನಮ್ಮ ಮೈಸೂರಿನ ವಾನ್ ಇಂಗೆನ್ ನೆನಪು ಮಾಡಿಕೊ. 1900ರ ಸುಮಾರಿಗೆ ಶುರುವಾಗಿ 1999ರಲ್ಲಿ ಬಾಗಿಲು ಹಾಕಿದ ಟ್ಯಾಕ್ಸಿಡರ್ಮಿ ಮನೆತನ. ಮಕ್ಕಳಿಗೆ ಡಿ ವೆಟ್, ಬೋಥಾ, ಜೂಬರ್ಟ್ ಅಂತ ದಕ್ಷಿಣ ಆಫ್ರಿಕಾದ ಬೋಯರ್ ಸೇನಾನಿಗಳ ಹೆಸರು ಇಟ್ಟಿದ್ದರು. ಅವರ ಕೈಯಿಂದ ಬಂದ ಹುಲಿಗಳು ಪ್ರಪಂಚಕ್ಕೆಲ್ಲ ಹೋದವು, ಎಷ್ಟೋ ಹುಲಿಗಳು ಬಾಯಿ ತೆರೆದು ಗರ್ಜಿಸ್ತಾ ಇವೆ. ಹುಲಿಗೆ ಕೋಪ ಕೊಟ್ಟೆವು, ಹುಲ್ಲೆಗೆ ಗಾಬರಿ ಕೊಟ್ಟೆವು. ಎರಡೂ ಕೊಂದವನಿಗೆ ಒಪ್ಪೋ ಮುಖಗಳು. ಇದನ್ನು ಬರೆಯೋ ಯೋಚನೆ ಇರಲಿಲ್ಲ. ಉಪ್ಪಿನ ಲೆಕ್ಕ ಬರೆದು ಮುಗಿಸೋಣ ಅಂತಿದ್ದೆ.

ಬ್ಲೂಬಕ್ ಅಂತ ಒಂದು ಹುಲ್ಲೆ ಇತ್ತು, ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯದು, 1800ರ ಸುಮಾರಿಗೆ ಪೂರ್ತಿ ಹೋಯಿತು. ಲೈಡನ್, ಪ್ಯಾರಿಸ್, ಸ್ಟಾಕ್‌ಹೋಮ್, ವಿಯೆನ್ನಾ ಮ್ಯೂಸಿಯಮ್ಮುಗಳಲ್ಲಿ ನಾಲ್ಕು ತುಂಬಿದ ತೊಗಲು ನಿಂತಿವೆ. ಹೆಸರಲ್ಲಿ ನೀಲಿ ಇದೆ, ತೊಗಲಲ್ಲಿ ಎಲ್ಲೂ ನೀಲಿ ಇಲ್ಲ. ಕಿವಿ ಹೇಗೆ ಹಿಡಿದಿರ್ತಿತ್ತು, ನೆರಳಲ್ಲಿ ಹೇಗೆ ಮಲಗ್ತಿತ್ತು ಅಂತ ಹೇಳೋಕೆ ಯಾರೂ ಇಲ್ಲ. ಕೂಡು ಇನ್ನೂ ಇದೆ, ನೋಡಿ ಬರಬಹುದು. ನನ್ನನ್ನು ಕುಟುಕೋದು ಇಷ್ಟೇ.

ಸರಿ, ಸಾಕು. ನೀನು ಬೇಟೆಗೆ ಹೋಗಬೇಡ ಅಂತ ನಾನು ಹೇಳ್ತಿಲ್ಲ. ಆ ಊರಲ್ಲಿ ಮಾಂಸ ಒಂದು ತುಂಡೂ ವ್ಯರ್ಥವಾಗಲ್ಲ, ಬೇಟೆಯ ದುಡ್ಡಿಗೋಸ್ಕರ ಕಾಡುಪ್ರಾಣಿ ಉಳಿಸಿಕೊಂಡಿರೋ ಜಮೀನುಗಳೂ ಇವೆ. ಆದರೆ ಜುಲೈಗೆ ಮುಂಚೆ ಎರಡು ದಿನ ರಜ ಹಾಕಿ ಎಟೋಶಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗು. ಒಕಾಕುಯೆಯೊ ಕ್ಯಾಂಪಿನ ನೀರುಗುಂಡಿ ಮುಂದೆ ಬೆಂಚು ಹಾಕಿದ್ದಾರೆ, ರಾತ್ರಿ ದೀಪ ಇರುತ್ತೆ. ಬೈನಾಕ್ಯುಲರ್ ಹಿಡಿದು ಕೊಂಬು ಬಿಡು, ಯಾವ ಪ್ರಾಣಿ ಬಂದರೂ ಕಿವಿ ಮಾತ್ರ ನೋಡು. ಆಮೇಲೂ ತಲೆ ಬೇಕು ಅನಿಸಿದರೆ ಟ್ಯಾಕ್ಸಿಡರ್ಮಿಸ್ಟ್‌ಗೆ ಮುಂಚೆಯೇ, ಬರಹದಲ್ಲಿ, ಹೀಗೆ ಹೇಳು: ಕತ್ತು ತಗ್ಗಿಸಿದ ಅಚ್ಚು, ಮೇಲ್ರೆಪ್ಪೆ ಸ್ವಲ್ಪ ಇಳಿದಿರಲಿ, ಹೊಳ್ಳೆ ಅರಳಿಸಬೇಡಿ, ಎಡಗಿವಿ ಹಿಂದಕ್ಕೆ. ಹದ ಮಾಡಿದ ಕಿವಿ ಒಳಗೆ ಪ್ಲಾಸ್ಟಿಕ್ ಲೈನರ್ ಕೂರಿಸಿ ಒಣಗಿಸಿದ ಮೇಲೆ ತಿರುಗಿಸೋಕೆ ಬರಲ್ಲ.

ಹೋಗುವಾಗ ಸ್ವೆಟರ್ ತಗೊಂಡು ಹೋಗು, ಅಲ್ಲಿ ಜುಲೈ ಅಂದರೆ ಚಳಿಗಾಲ. ಎಟೋಶಾದಿಂದ ಫೋಟೊ ಕಳಿಸು.

ನಿನ್ನ,
ಮೂರನೇ ಬೆಂಚು